ಮುತ್ತ್ಯಾನಿಗೆ ಓದದೆ ಬಿಟ್ಟ ಪುಟಗಳು

ಟ್ರಂಕಿನ ತಳದಲ್ಲಿದ್ದ ಆ ಪುಸ್ತಕ ತೆರೆದಾಗ ಒಣಗಿದ ಬೇವಿನ ಎಲೆಯ ಜೊತೆ ನಶ್ಯದ ಘಾಟು ಮೂಗಿಗೆ ಬಡಿಯಿತು. ಅದು ನನ್ನ ತಾಯಿಯ ತಂದೆ, ನಮ್ಮ ಮುತ್ತ್ಯಾನ ವಾಸನೆ. ಹುಳ ಹಿಡಿಯಬಾರದೆಂದು ಎಲೆ ಇಟ್ಟವನೂ ಅವನೇ. ಸುರಪುರದ ಅವನ ಮನೆ ಈಗಿಲ್ಲ, ಅಲ್ಲಿ ಮೊಬೈಲ್ ಅಂಗಡಿ ಎದ್ದಿದೆ. ಟ್ರಂಕು ಮಾತ್ರ ಶಹಾಪುರದ ನನ್ನ ಮನೆಯಲ್ಲಿ ವರ್ಷಗಟ್ಟಲೆ ಹಾಸಿಗೆಗಳ ಕೆಳಗೆ ಮುಚ್ಚಿಕೊಂಡೇ ಇತ್ತು.

ಮುತ್ತ್ಯಾ ಹರೆಯದಲ್ಲಿ ನಾಟಕ ಕಂಪನಿಯೊಂದರಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದ. ಪೇಟಿ ಮಾಸ್ತರ ಎಂದೇ ಹೆಸರು. ಕಕ್ಕೇರಾದ ಕ್ಯಾಂಪಿನಲ್ಲಿ ಮಾಲೀಕರೊಡನೆ ಜಗಳವಾಡಿ ಎದ್ದು ಬಂದವನು ಮತ್ತೆ ಆ ಕಡೆ ಹಾಯಲಿಲ್ಲ. ಮುಂದೆ ಆ ಮಾಲೀಕರು ತೀರಿಕೊಂಡು, ಅವರ ಜೀವನಚರಿತ್ರೆ ಅಚ್ಚಾಗುವ ಹೊತ್ತಿಗೆ ಇವನ ಕಣ್ಣಿಗೆ ಪೊರೆ ಬಂದಿತ್ತು. ಓದಿ ಹೇಳುವ ಕೆಲಸ ನನ್ನ ತಲೆಗೆ ಬಂತು. ಸಾಯುವ ಮುಂಚೆ ಮಾಲೀಕರು ತನ್ನ ಮೇಲಿನ ಸಿಟ್ಟು ಬಿಟ್ಟಿದ್ದರೋ ಇಲ್ಲವೋ, ಅವನಿಗೆ ಬೇಕಾದದ್ದು ಅದೊಂದೇ. ನಾನೋ ಊಟದ ತಾಟಿನ ಮುಂದೆಯೂ ಕಾದಂಬರಿ ಬಿಡದ ಹುಚ್ಚಿ. ಜೀವನಚರಿತ್ರೆ ಅಂದರೆ ಹುಟ್ಟಿದರು, ಬಾಳಿದರು, ಸತ್ತರು, ಅದರಲ್ಲೇನಿದೆ ಎಂಬ ಸೊಕ್ಕು ಬೇರೆ.

ಮಧ್ಯಾಹ್ನ ಉಂಡ ಮೇಲೆ ಅವನು ಪಡಸಾಲೆಯ ಗೋಡೆಗೊರಗಿ ಕಿವಿ ಕೊಡುತ್ತಿದ್ದ. ನಾನು ಒಂದು ಪುಟ ಓದಿ ನಾಲ್ಕು ಹಾರಿಸುತ್ತಿದ್ದೆ. ಕೊನೆಯ ಅಧ್ಯಾಯದ ಹೊತ್ತಿಗೆ ನಾನು ಅರ್ಧ ಓದಿಟ್ಟಿದ್ದ ಕಾದಂಬರಿಯ ನಾಯಕಿ ಮನೆ ಬಿಟ್ಟು ಹೊರಟಿದ್ದಳು, ನನಗೆ ತಡೆಯಲಾಗಲಿಲ್ಲ, ಆ ಅಧ್ಯಾಯ ಓದದೆಯೇ ಪುಸ್ತಕ ಮುಚ್ಚಿದೆ. ಆಗಲೇ ಮುತ್ತ್ಯಾ ಕೇಳಿದ.

"ಕಡೀಕ ಮಾಲಕರು ನನ್ನ ಸುದ್ದಿ ಏನಾರ ತೆಗದಾರೇನವ್ವಾ?"

"ಎಲ್ಲೂ ಇಲ್ಲ ಮುತ್ತ್ಯಾ. ಪುಸ್ತಕ ಮುಗೀತು" ಅಂದು ಎದ್ದೆ.

"ಹಂಗಿದ್ರ ಸಿಟ್ಟು ಹೋಗಿಲ್ಲ ಬಿಡು" ಎಂದು ನಶ್ಯದ ಡಬ್ಬಿ ತಡಕಿದ. ಆಮೇಲೆ ಆ ಪುಸ್ತಕದ ಮಾತನ್ನೇ ಎತ್ತಲಿಲ್ಲ. ಎರಡು ವರ್ಷಕ್ಕೆ ತೀರಿಕೊಂಡ.

ಮೊನ್ನೆ ಅದನ್ನೇ ಹಿಡಿದು ಕೂತವಳಿಗೆ ಒಲೆಯ ಮೇಲೆ ಹಾಲು ಉಕ್ಕಿದ್ದೂ ತಿಳಿಯಲಿಲ್ಲ. ಯಾವ ಕಾದಂಬರಿಯೂ ನನ್ನನ್ನು ಹೀಗೆ ಕೂರಿಸಿರಲಿಲ್ಲ. ಕೊನೆಯ ಅಧ್ಯಾಯದಲ್ಲಿ ಮಾಲೀಕರು ಹಾಸಿಗೆ ಹಿಡಿದಿದ್ದಾರೆ. ಬಂದವರ ಮುಂದೆಲ್ಲ ಒಂದೇ ಮಾತು. ಸುರಪುರದ ಪೇಟಿ ಮಾಸ್ತರ ಬಂದನೇ, ಆವತ್ತು ತಪ್ಪು ನನ್ನದೇ ಇತ್ತು, ಅವನಿಗೆ ಯಾರಾದರೂ ಹೇಳಿರಿ.

ಹೇಳಬೇಕಾದವಳು ನಾನೇ ಇದ್ದೆ. ಎಷ್ಟು ಹೊತ್ತು ಅತ್ತೆನೋ ಗೊತ್ತಿಲ್ಲ. ಆಮೇಲೆ ಅವನು ಒರಗಿ ಕೂತಿದ್ದಾನೆ ಎಂಬಂತೆ ಗೋಡೆಯ ಕಡೆ ಮುಖ ಮಾಡಿ ಕೂತು ಆ ಅಧ್ಯಾಯವನ್ನು ಗಟ್ಟಿಯಾಗಿ ಓದಿದೆ. ಈ ಸಲ ಒಂದು ಸಾಲೂ ಬಿಡಲಿಲ್ಲ. ಕೇಳಲು ಅವನಿರಲಿಲ್ಲ.