ವೇಳೆ ಕೇಳುತ್ತಿದ್ದ ಮೂರ್ತಿಯವರು

ಕೈಗೆ ಗಡಿಯಾರ ಕಟ್ಟಿಕೊಂಡೇ ಕಂಡಕಂಡವರನ್ನೆಲ್ಲ ವೇಳೆ ಕೇಳುವ ಮನುಷ್ಯನನ್ನು ನಾನು ನೋಡಿದ್ದು ಅವರೊಬ್ಬರನ್ನೇ. ಮೈಸೂರು ಕಡೆಯ ಮೂರ್ತಿಯವರು. ಸಂಘ-ಸಂಸ್ಥೆಗಳ ಇತಿಹಾಸ ಓದಿಕೊಂಡವರು. ಎಪ್ಪತ್ತರ ದಶಕದಲ್ಲಿ, ಧಾರವಾಡ ಕಡೆ ಮೊರಬದ ಬಾಜೂಕಿನ ನಮ್ಮೂರಿಗೆ, ಬೀಜ-ಗೊಬ್ಬರದ ಸೊಸೈಟಿಯ ಕಥೆ ಬರೆಯಲು ಬಂದಿದ್ದರು. "ಎಮ್ಮಿ ಹಿಂಡೂ ಹೊತ್ತಾತ್ರಿ" ಎಂದು ಯಾರಾದರೂ ಉತ್ತರ ಕೊಟ್ಟರೆ ಅವರಿಗೆ ಹಬ್ಬ. ಮುಳ್ಳು ತೋರಿಸುವ ಕಾಲ ಬೇರೆ, ಮಂದಿ ಬದುಕುವ ಕಾಲ ಬೇರೆ ಎನ್ನುವುದೇ ಅವರ ಓದಿನ ವಿಷಯವಂತೆ.

ಆ ಎರಡನೆಯ ಕಾಲ, ಅವರು ಊರಿಗೆ ಬಂದ ದಿನವೇ ಅವರ ಕಾಲಿಗೆ ತೊಡರಿತು. ಸೊಸೈಟಿ ಹುಟ್ಟುಹಾಕಿದವರು ನಮ್ಮ ಮಾವನವರು, ಅಂದರೆ, ಮೊಮ್ಮಕ್ಕಳೇ, ನಿಮ್ಮ ಮುತ್ತಜ್ಜ. ಬಸ್ಸಿಳಿದು ಅವರ ಮನೆ ಕೇಳಿದಾಗ ಚಹಾದಂಗಡಿಯಲ್ಲಿ ಯಾರೋ, "ಅವರು ಮೊನ್ನಿ ತೀರಿಕೊಂಡ್ರಲ್ರಿ" ಎಂದಿದ್ದಾರೆ. ನಮ್ಮಲ್ಲಿ ಮೊನ್ನೆ ಎಂದರೆ ಎರಡು ದಿನವೂ ಆಗಬಹುದು, ಇಪ್ಪತ್ತು ವರ್ಷವೂ ಆಗಬಹುದು. ಮಾವನವರು ಹೋದದ್ದು ನಾನು ಸೊಸೆಯಾಗಿ ಬರುವುದಕ್ಕೂ ಎಷ್ಟೋ ಮೊದಲು. ಪಾಪ, ಮೂರ್ತಿಯವರು ಮುಖ ಸಣ್ಣಗೆ ಮಾಡಿಕೊಂಡು ಬಂದು, ಹಿಟ್ಟು ನಾದುತ್ತಿದ್ದ ನಮ್ಮ ಅತ್ತೆಯ ಮುಂದೆ ಕೂತು, "ಹೀಗಾಗಬಾರದಿತ್ತು ತಾಯಿ" ಎಂದರು. ಅತ್ತೆ ಹಿಟ್ಟಿನ ಕೈಯಲ್ಲೇ ಸೆರಗು ಬಾಯಿಗಿಟ್ಟು ಅಳಲಿಕ್ಕೆ ಹತ್ತಿದರು. ಒಲೆಯ ಮುಂದಿದ್ದ ನನಗೆ ನಗು ತಡೆಯಲಾಗದೆ ರೊಟ್ಟಿ ಸೀದುಹೋಯಿತು.

ಸಾವು ಎಷ್ಟೋ ವರ್ಷ ಹಳೆಯದೆಂದು ನನ್ನಿಂದ ತಿಳಿದು, ನಾಚಿ ಎದ್ದು ಹೊರಟವರನ್ನು ಅತ್ತೆ ಬಿಡಲಿಲ್ಲ. ಇಷ್ಟು ವರ್ಷದಲ್ಲಿ ನಮ್ಮ ಯಜಮಾನರ ಹೆಸರು ಹಿಡಿದು ಮನೆ ಕೇಳಿಕೊಂಡು ಬಂದವರು ನೀವೊಬ್ಬರೇ ಎಂದು ಪಡಸಾಲೆಯಲ್ಲೇ ಇರಿಸಿಕೊಂಡರು.

ಸೊಸೈಟಿಯ ಆಗಿನ ಚೇರಮನ್ನರ ಮಾತು ಬೇರೆ ಇತ್ತು. ತಾವು ಗೋದಾಮು ಕಟ್ಟಿಸಿದ ವರ್ಷವೇ ಸೊಸೈಟಿ ಶುರುವಾದದ್ದು, ಅದರ ಹಿಂದಿನದೆಲ್ಲ ಪಡಸಾಲಿ ಹರಟೆ, ಪುಸ್ತಕಕ್ಕೆ ಬೇಡ ಎಂದು ಮೂರ್ತಿಯವರಿಗೆ ಹೇಳಿಹೋದರು. ಅತ್ತೆಗೆ ಅಂದು ಊಟ ಸೇರಲಿಲ್ಲ. ಆ ಪಡಸಾಲೆಯಲ್ಲೇ ಮಾವನವರು ಮಂದಿ ಕೂಡಿಸಿದ್ದು. ಅವರಿಗೆಲ್ಲ ಚಹಾ ಕಾಸಿದ್ದು ಅತ್ತೆ. ಪುಸ್ತಕದಲ್ಲಿ ಬರದಿದ್ದರೆ ಗಂಡ ಮಾಡಿದ್ದೆಲ್ಲ ಅಳಿಸಿಹೋಗುತ್ತದೆ ಎಂಬ ಭಯ.

ಮೂರ್ತಿಯವರು ಸಮಾಧಾನ ಹೇಳಹೋದರು. "ಸಂಸ್ಥೆಗೆ ಹುಟ್ಟಿದ ದಿನ ಅಂತ ಒಂದು ಇರೋದಿಲ್ಲ ತಾಯಿ. ಈಗ ಇರೋರು ಹಿಂದಕ್ಕೆ ಹೋಗಿ, ತಮಗೆ ಬೇಕಾದ ದಿನ ಹುಟ್ಟಿಸಿ ಬರ್ತಾರೆ."

"ಗಂಡಸರು ಹಂಗ ಅಂತಾರ್ರೀ. ಹಡದಾಕೀನ ಕೇಳ್ರಿ, ಹೇಳತಾಳ."

ಮೂರ್ತಿಯವರು ಕೆಮ್ಮು ಬರುವಷ್ಟು ನಕ್ಕರು. ಆಮೇಲೆ ಅತ್ತೆ, ಸಕ್ಕರೆ ತೀರಿ ಬೆಲ್ಲದ ಚಹಾ ಕೊಟ್ಟ ಮೊದಲ ಸಭೆಯಿಂದ ಹಿಡಿದು, ವಾರವಿಡೀ ಹೇಳಿದರು.

ಅಚ್ಚಾದ ಪುಸ್ತಕ ಕೊಡಲು ಬಂದಾಗಲೇ ನಾವು ಅವರನ್ನು ಕಡೆಯ ಸಲ ನೋಡಿದ್ದು. ಕಥೆ ಪಡಸಾಲೆಯಿಂದಲೇ ಶುರುವಾಗಿತ್ತು. ಅದಕ್ಕೇ ಚೇರಮನ್ನರು ಮೂರ್ತಿಯವರ ಜೊತೆ ಮಾತು ಬಿಟ್ಟಿದ್ದರು. ಅತ್ತೆಗೆ ಓದು ಬರುತ್ತಿರಲಿಲ್ಲವಾದ್ದರಿಂದ ಮೂರ್ತಿಯವರೇ ಓದಿ ಹೇಳಿದರು. ಮಾವನವರು ಮಂದಿ ಕೂಡಿಸಿದರು, ಬೀಜ ತರಿಸಿದರು, ತೀರಿಕೊಂಡರು. ಕಣ್ಣು ಮುಚ್ಚಿ ಕೇಳುತ್ತಿದ್ದ ಅತ್ತೆ ಕಣ್ಣು ತೆರೆದರು.

"ಮೂರನೇ ಹಾಳಿಗೇ ಸಾಯಿಸಿಬಿಟ್ರಿ?"

ಇತಿಹಾಸದಲ್ಲಿ ಹಾಗೆಯೇ ಆಗುತ್ತದೆ ಎಂದು ಮೂರ್ತಿಯವರು ತಡವರಿಸಿದರು.

"ಇನ್ನೆರಡು ಹಾಳಿ ಬದುಕಿಸಿದ್ರ ನಿಮ್ಮ ಗಂಟೇನು ಹೋಗತಿತ್ರೀ?"

ಮೂರ್ತಿಯವರು ಹಾಳೆ ಹಿಂದಕ್ಕೆ ತಿರುವಿ, ಮೊದಲಿಂದ ಮತ್ತೆ ಓದತೊಡಗಿದರು, ಈ ಸಲ ಬಲು ನಿಧಾನವಾಗಿ. ಅವರು ಹತ್ತಬೇಕಿದ್ದ ಧಾರವಾಡದ ಬಸ್ಸು ಊರ ಅಗಸಿ ಬಾಗಿಲ ಹತ್ತಿರ ಹಾರ್ನು ಹೊಡೆದು ಹೋಯಿತು.