ಪಟ್ಟಿಯಲ್ಲಿದ್ದ ಒಂದೇ ಬೆರಳು

ಅಣ್ಣ ತೀರಿಕೊಂಡ ಮೇಲೆ ಕೊಟ್ಟೂರಿನ ನಮ್ಮ ಡಿಟಿಪಿ ಅಂಗಡಿ ತೆರೆಯುವ ಕೆಲಸ ನನ್ನ ಪಾಲಿಗೆ ಬಂತು. ಶಟರ್ ಎತ್ತುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಲ್ಯಾಪ್‌ಟಾಪ್. ಆನ್ ಮಾಡಿದ ಕೂಡಲೇ ಅದು ಬೆರಳು ಇಡಿ ಎಂದು ಇಂಗ್ಲಿಷಿನಲ್ಲಿ ಕೇಳುತ್ತಿತ್ತು. ಕೇಳುತ್ತಿದ್ದದ್ದು ಅವನ ಬೆರಳನ್ನು. ಕೀಬೋರ್ಡಿನ ಕೆಳಗಿನ ಆ ಪುಟ್ಟ ಕಪ್ಪು ಚೌಕಕ್ಕೆ ಕೈ ತಾಗದಂತೆ ನಾನು ಅವನು ಹಿಂದೆ ಹೇಳಿಕೊಟ್ಟಿದ್ದ ಪಾಸ್‌ವರ್ಡ್ ಹೊಡೆದು ಒಳಗೆ ಹೋಗುತ್ತಿದ್ದೆ. ಒಂದು ವರ್ಷ ಹೀಗೇ ನಡೆಯಿತು. ಬೆಳಬೆಳಗ್ಗೆ ಯಾರೋ ಸತ್ತವನನ್ನು ಕೂಗಿ ಕರೆದಂತಾಗುತ್ತಿತ್ತು.

ಆ ಲ್ಯಾಪ್‌ಟಾಪನ್ನು ಅವನು ಹೊಸಪೇಟೆಯಿಂದ ಸೆಕೆಂಡ್‌ಹ್ಯಾಂಡಿನಲ್ಲಿ ತಂದಿದ್ದ. ಹಳೆಯ ಕಂಪ್ಯೂಟರಿನಲ್ಲಿ ಗಿರಾಕಿಗಳ ಪೆನ್‌ಡ್ರೈವಿನ ವೈರಸ್‌ಗಳಿಂದ ಸಾಕಾಗಿದ್ದವನು, ತಂದ ದಿನವೇ ಇದರಲ್ಲಿ ವಿಂಡೋಸ್ ತೆಗೆದು ಲಿನಕ್ಸ್ ಹಾಕಿದ್ದ. ಬೆರಳಚ್ಚಿನ ವ್ಯವಸ್ಥೆಯನ್ನೂ ಯಾವುದೋ ವಿಡಿಯೊ ನೋಡಿ ತಾನೇ ಕೂಡಿಸಿದ್ದ. ಲಗ್ನಪತ್ರಿಕೆ ಮಾಡಿಸಲು ಬಂದವರೆದುರು "ಬೆರಳಿಟ್ರ ಸಾಕ್ರಿ, ತೆಗೀತೈತಿ" ಎಂದು ಮೀಸೆ ತಿರುವುತ್ತಿದ್ದ. ನಾನು ಮನೆಗೆಲಸ ಮುಗಿಸಿ ಬರುವಷ್ಟರಲ್ಲಿ ಪರದೆ ತೆರೆದೇ ಇರುತ್ತಿತ್ತು.

ಅವನ ಬಟ್ಟೆಗಳನ್ನು ಹಂಚಿದ್ದಾಯಿತು, ಫೋಟೊಗೆ ಹಾರ ಹಾಕಿದ್ದಾಯಿತು. ಮೈಯನ್ನು ಮಣ್ಣಿಗೆ ಕೊಟ್ಟೆವು. ಆ ಮೈಯಿಂದ ಉಳಿದದ್ದೆಂದರೆ ಯಂತ್ರದೊಳಗಿನ ಬೆರಳಿನ ಗೆರೆಗಳು ಮಾತ್ರ ಎಂದು ನಾನು ನಂಬಿದ್ದೆ. ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನಗುತ್ತಿದ್ದರು, ನಾನು ಜಗಳಕ್ಕೆ ನಿಲ್ಲುತ್ತಿದ್ದೆ.

ಪಾಸ್‌ವರ್ಡ್ ಹೊಡೆಯುವಾಗ ಗಿರಾಕಿಗಳು ಹೆಗಲ ಮೇಲಿಂದ ಬಗ್ಗಿ ನೋಡುವುದು ನನಗೆ ಆಗುವುದಿಲ್ಲ. ಒಂದು ಮಧ್ಯಾಹ್ನ ಹಡಗಲಿಯಿಂದ ಬಂದ ಒಬ್ಬಾತ ನಾನು ಹೊಡೆದ ಅಕ್ಷರಗಳನ್ನು ಬಾಯಿಬಿಟ್ಟೇ ಓದಿದ. ಅವನನ್ನು ಬೈದು ಕಳಿಸಿ, ಅದೇ ಸಿಟ್ಟಿನಲ್ಲಿ ನನ್ನ ಬೆರಳನ್ನೂ ಸೇರಿಸಲು ಕೂತೆ. ಆಜ್ಞೆಗಳನ್ನು ಟೈಪ್ ಮಾಡುವ ಕಪ್ಪು ಪರದೆ ತೆರೆದು, ದಾಖಲಾದ ಬೆರಳುಗಳ ಪಟ್ಟಿ ಕೇಳಿದೆ. ಒಂದೇ ಸಾಲು ಬಂತು: ಬಲಗೈ ತೋರುಬೆರಳು. ಆ ಹೆಸರಿನಲ್ಲಿ ನನ್ನದನ್ನು ಹಾಕಿದರೆ ಅವನದು ಅಳಿಸಿಹೋಗುತ್ತದೆ. ಹಾಗಾಗಿ ನನ್ನದಕ್ಕೆ ಎಡಗೈ ತೋರುಬೆರಳು ಎಂದು ಬರೆದೆ.

ಬರೆದದ್ದೇನೋ ಎಡಗೈ. ಆದರೆ ಹೊಸ ಕೆಲಸಕ್ಕೆ ಎಡಗೈ ಮುಂದೆ ಮಾಡುವುದನ್ನು ನನ್ನ ಮೈ ಕಲಿತೇ ಇಲ್ಲ. ಗೊತ್ತಿಲ್ಲದೆ ಬಲಗೈ ಬೆರಳನ್ನೇ ಇಟ್ಟೆ. ಯಂತ್ರ ಒಪ್ಪಲಿಲ್ಲ. ಈ ಬೆರಳು ಆಗಲೇ ದಾಖಲಾಗಿದೆ ಎಂದಿತು.

ಒಂದೇ ಹೊಟ್ಟೆಯಲ್ಲಿ ಹುಟ್ಟಿದವರ ಗೆರೆಗಳು ಒಂದೇ ಇರಬಹುದೇ? ಇರುವುದಿಲ್ಲವೆಂದು ಗೊತ್ತು. ಆದರೂ ಆ ಗಳಿಗೆಯಲ್ಲಿ ನನ್ನ ಬೆರಳ ತುದಿಯಲ್ಲಿ ಅವನಿದ್ದಾನೆ ಅನ್ನಿಸಿ ಖುಷಿಯಾಯಿತು, ಹೆದರಿಕೆಯೂ ಆಯಿತು. ಕಾನಹೊಸಹಳ್ಳಿಯ ತವರಿನಲ್ಲಿದ್ದ ಅತ್ತಿಗೆಗೆ ಫೋನ್ ಮಾಡಿದೆ.

"ಅತ್ಗಿ, ಅಣ್ಣನ ಬೆರಳು, ನನ್ನ ಬೆರಳು ಒಂದ ಅಂತೈತಿ ಈ ಮಷೀನು."

"ಅವರ ಬೆರಳು ಎಲ್ಲಿ ಹಿಡಿತಿತ್ತವ್ವಾ?" ಎಂದಳು ಅತ್ತಿಗೆ. "ಅಂಗಡಿ ಹಾಕೂ ಮೊದ್ಲ ಹತ್ತು ವರ್ಷ ಗಾರೆ ಕೆಲಸ ಮಾಡಿದ ಕೈ. ಸಿಮೆಂಟು ಗೆರೀನ ತಿಂದುಬಿಟ್ಟಿತ್ತು. ರೇಷನ್ ಅಂಗಡ್ಯಾಗೂ ನಾನ ಒತ್ತಿ ಬರ್ತಿದ್ದೆ. ಆ ಮಷೀನು ತಂದ ದಿನ ನಿನ್ನ ಕೈಲೆ ಒತ್ತಿಸಿದ್ರಲ್ಲ, ನೆನಪಿಲ್ಲೇನು? ನಿನ್ನ ಕೈಗುಣ ಚಲೋ ಐತಿ ಅಂತ."

ನೆನಪಾಯಿತು. ನಮ್ಮಲ್ಲಿ ಹೊಸದೇನು ಬಂದರೂ ಮೊದಲ ಕೈ ಮನೆಮಗಳದು. ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚಿ, ಅವನು "ಒತ್ತು, ಇನ್ನೊಂದ್ಸಲ ಒತ್ತು" ಎಂದಾಗಲೆಲ್ಲ ಒತ್ತಿದ್ದೆ. ಅದು ಬರೀ ಶಾಸ್ತ್ರ ಎಂದುಕೊಂಡಿದ್ದೆ. ಆಮೇಲೆ ತನ್ನದನ್ನು ಒತ್ತಿ ನೋಡಿರಬೇಕು, ಹಿಡಿದಿರಲಿಕ್ಕಿಲ್ಲ. ತಂಗಿಗೆ ಹೇಳಲು ಮರ್ಯಾದೆ ಅಡ್ಡ ಬಂದಿರಬೇಕು. ದಿನಾ ಬೆಳಗ್ಗೆ ಪಾಸ್‌ವರ್ಡ್ ಹೊಡೆದು, ಮಧ್ಯಾಹ್ನ ಗಿರಾಕಿಗಳೆದುರು ಬೆರಳಿನ ಜಂಬ ಕೊಚ್ಚಿದ್ದ ಸುಳ್ಳುಬುರುಕ! ಅವನ ಮೇಲೆ ಸಿಟ್ಟು ಬಂತು. ಶಟರ್ ಅರ್ಧ ಇಳಿಸಿ ಅತ್ತುಬಿಟ್ಟೆ. ಒಂದು ವರ್ಷ ನಾನು ಕಾಪಾಡಿದ್ದು ನನ್ನದೇ ಬೆರಳನ್ನು. ಅವನದೆಂಬುದು ಅಲ್ಲಿ ಏನೂ ಇರಲಿಲ್ಲ.

ಈಗಲೂ ಬೆಳಗ್ಗೆ ಅದು ಬೆರಳು ಕೇಳುತ್ತದೆ. ಇಟ್ಟರೆ ತೆರೆಯುತ್ತದೆ ಎಂದು ಗೊತ್ತು. ಆದರೂ ನಾನು ಗಿರಾಕಿಗಳು ಬರುವ ಮುಂಚೆಯೇ ಹೋಗಿ ಪಾಸ್‌ವರ್ಡ್ ಹೊಡೆಯುತ್ತೇನೆ, ಅವನು ಹೊಡೆಯುತ್ತಿದ್ದ ಹಾಗೆ, ಯಾರಿಗೂ ಕಾಣದಂತೆ.