ಬೇಸಿಗೆಯ ನೀರು ಬಿಡದ ಸಕ್ಕರೆ

ಒಲೆಯ ಮೇಲೆ ಸಕ್ಕರೆ ಪಾಕ ಕುದಿಯುವ ವಾಸನೆ ಬಂದರೆ ಇಂದಿಗೂ ನನಗೆ ಬಾಯಲ್ಲಿ ನೀರೂರುವುದಿಲ್ಲ, ಸಿಟ್ಟು ಬರುತ್ತದೆ. ಜೇವರ್ಗಿಯ ನಮ್ಮ ಮನೆಯ ಹಿಂದಿನ ಪಡಸಾಲೆಯಲ್ಲಿ ಕಲ್ಲುಸಕ್ಕರೆ ಮಾಡುತ್ತಿದ್ದರು. ಮಠಕ್ಕೆ ಹೋಗುವವರೂ ದರ್ಗಾಕ್ಕೆ ಹೋಗುವವರೂ ನಮ್ಮಲ್ಲಿಂದಲೇ ಒಯ್ಯುತ್ತಿದ್ದರು. ಕುದಿಯುವ ನೀರು ಹಿಡಿಯುವಷ್ಟು ಸಕ್ಕರೆ ಕರಗಿಸಿ, ಆ ಗಟ್ಟಿ ಪಾಕವನ್ನು ನೂಲು ಇಳಿಬಿಟ್ಟ ಮಣ್ಣಿನ ಗಡಿಗೆಗಳಿಗೆ ಸುರಿದು, ಬಾಯಿಗೆ ಬಟ್ಟೆ ಕಟ್ಟಿ, ಸುತ್ತ ಗೋಣಿಚೀಲ ಹೊದಿಸಿ ದಿನಗಟ್ಟಲೆ ಬಿಡುತ್ತಿದ್ದರು. ಪಾಕ ಆರಿದಂತೆ, ನೀರಿನಲ್ಲಿ ಉಳಿಯಲಾರದ ಸಕ್ಕರೆ ನೂಲಿನ ಮೇಲೆ ಹರಳುಗಟ್ಟುತ್ತಿತ್ತು. ಗಡಿಗೆ ಅಲುಗಿದರೆ ಹರಳು ರವೆಯಾಗಿ ಕೆಡುತ್ತದೆಂದು ಅದನ್ನು ಮುಟ್ಟುವ ಹಕ್ಕು ಕೆಲಸದ ಹೆಂಗಸು ಮಾಬೂಬಿಯೊಬ್ಬಳಿಗೇ ಇತ್ತು. ನಾನು ಹೊಸ್ತಿಲಲ್ಲಿ ನಿಂತರೂ, "ಉಸಿರು ಮೆಲ್ಲಗ ಬಿಡು ಬೇ, ಹರಳು ಮಲಗ್ಯಾವ" ಎನ್ನುತ್ತಿದ್ದಳು.

ಆ ಹಕ್ಕೇ ಅವಳಿಗೆ ಮುಳುವಾಯಿತು. ಒಂದು ಬೇಸಿಗೆ, ಪಡಸಾಲೆಯ ಗೋಡೆ ಮುಟ್ಟಿದರೆ ಕೈ ಸುಡುತ್ತಿದ್ದ ದಿನಗಳಲ್ಲಿ, ಗಡಿಗೆ ಒಡೆದಾಗ ಹರಳಿನ ತೂಕ ಕಾಲು ಭಾಗದಷ್ಟು ಕಡಿಮೆ ಬಂತು. ಹಿಂದಿನ ಬೇಸಿಗೆಗಳಲ್ಲಿ ಅಜ್ಜ ಕೆಲಸ ನಿಲ್ಲಿಸುತ್ತಿದ್ದರು; ಅವರು ತೀರಿದ ಮೇಲೆ ವ್ಯಾಪಾರ ಹಿಡಿದ ಕಾಕಾ, ಅಪ್ಪನ ತಮ್ಮ, ನಿಲ್ಲಿಸಲಿಲ್ಲ. "ಮುಟ್ಟಿದಾಕಿ ನೀ ಒಬ್ಬಾಕೀನೇ. ಸಕ್ರಿ ಎಲ್ಲಿ ಹೋತು?" ಎಂದು ಎಲ್ಲರೆದುರು ಕೇಳಿದರು.

"ಸಾವ್ಕಾರ್ರ, ಬ್ಯಾಸಿಗ್ಯಾಗ ನೀರು ಬೆಚ್ಚಗ ಇರ್ತಾವ್ರಿ. ಸಕ್ರಿ ಹಿಡ್ಕೊಂಡ ಕುಂದರ್ತಾವ. ಥಂಡ್ಯಾಗ ಬಿಡ್ತಾವ."

"ಎಲಾ ಇಕಿನ! ನೀರಿಗೂ ಸಕ್ರಿ ಚಟ ಹತ್ತೇತೇನ ಬೇ?"

ಆಳುಗಳು ನಕ್ಕರು. ಮಾಬೂಬಿ ನಗಲಿಲ್ಲ, ಅಳಲೂ ಇಲ್ಲ. "ಉಳದ ಪಾಕ ದನಕ್ಕ ಹಾಕಬ್ಯಾಡ್ರಿ. ಥಂಡಿ ಬರೂತನಕ ಇಡ್ರಿ. ಆಮ್ಯಾಲ ನನಗ ಕಳ್ಳಿ ಅನ್ರಿ" ಎಂದು ಸೆರಗು ಕೊಡವಿ, ನೆಲೋಗಿ ಬಸ್ಸು ಹತ್ತಿ ತವರಿಗೆ ಹೋದಳು. ನಮ್ಮಲ್ಲಿ ಉಳಿದ ಪಾಕವನ್ನು ದನದ ಹಿಂಡಿಗೆ ಕಲಸುವುದು ರೂಢಿ. ಅಂದರೆ ಕಳುವಾಯಿತೆಂದು ಕೂಗಾಡಿದ ಸಕ್ಕರೆಯನ್ನು ನಮ್ಮ ಎತ್ತುಗಳು ಕೊಟ್ಟಿಗೆಯಲ್ಲಿ ನೆಕ್ಕುತ್ತಿದ್ದವು.

ಅಮ್ಮ ಮಾತ್ರ ಒಂದು ಗಡಿಗೆ ಪಾಕವನ್ನು ನೂಲು ಸಮೇತ ಮೂಲೆಯಲ್ಲಿಟ್ಟಳು. ಚಳಿಗಾಲದ ಒಂದು ಮುಂಜಾನೆ ಬಟ್ಟೆ ಬಿಚ್ಚಿದಾಗ ನಾನೂ ಪಕ್ಕದಲ್ಲಿದ್ದೆ. ಯಾರೂ ಮುಟ್ಟದ ಆ ಗಡಿಗೆಯಲ್ಲಿ, ಒಳಗೋಡೆಗೂ ನೂಲಿಗೂ, ಹೆಬ್ಬೆರಳು ಗಾತ್ರದ ತಿಳಿ ಹರಳುಗಳು ಕಟ್ಟಿದ್ದವು. ಕಾಕಾ ಬಗ್ಗಿ ನೋಡಿದರು. ಅವರಿಗೆ ತಿಳಿಯಿತು, ತಿಳಿದದ್ದು ಮುಖದಲ್ಲೇ ಕಂಡಿತು.

"ಹೋಗಿ ಆಕಿಗೆ ಒಂದ ಮಾತು ಹೇಳಿ ಬರ್ರಿ" ಎಂದಳು ಅಮ್ಮ.

"ಹಳೇ ಮಾತು ಯಾಕ ಕೆದರ್ತೀರಿ ವೈನಿ? ಇದನ್ನೂ ಒಡದು ಮಾರೂ ಮಾಲಿನಾಗ ಕೂಡಸ್ರಿ."

ಕೂಡಿಸಿದರು. ಅವಳ ಸಾಕ್ಷಿಯನ್ನು ಪುಡಿಕೆ ಕಟ್ಟಿ ಮಾರಿದರು. ದೇವರ ಮುಂದಿಡಲೆಂದು ಜನ ಅದನ್ನು ಒಯ್ದರು.

ಮುಂದೆ ನಾನು ಪತ್ರಿಕೆಯಲ್ಲಿ ದುಡಿದೆ. ಒಂದು ಇನಿಷಿಯಲ್ ತಪ್ಪಾದರೂ ಮರುದಿನ ತಿದ್ದುಪಡಿ ಅಚ್ಚು ಹಾಕಿಸಿದವಳು ನಾನು. ಈಗ ಆ ಪಡಸಾಲೆ ಇದ್ದಲ್ಲಿ ಮೊಬೈಲ್ ಅಂಗಡಿಯಿದೆ. ಕಾಕಾ ಇಲ್ಲ, ಅಮ್ಮ ಇಲ್ಲ. ಮಾಬೂಬಿ ಕಳ್ಳಿ ಎಂಬ ಮಾತು ಹೊತ್ತುಕೊಂಡೇ ತೀರಿಹೋದಳೆಂದು ತಡವಾಗಿ ಕೇಳಿದೆ. ನೆಲೋಗಿಗೆ ಹೋಗುವ ಬಸ್ಸು ನಮ್ಮ ಮನೆಯ ಮುಂದೆಯೇ ನಿಲ್ಲುತ್ತಿತ್ತು. ದೊಡ್ಡವರು ಯಾರೂ ಹತ್ತಲಿಲ್ಲ. ದೊಡ್ಡವಳಾದ ಮೇಲೆ ನಾನೂ ಹತ್ತಲಿಲ್ಲ.